ಮಿರುವೆಯ ಅಳತೆ

ರೂವಿಯ ಹಿಂಬೀದಿ, ನನ್ನ ಹೊಲಿಗೆಯಂಗಡಿ.
ಏಸಿ ನೀರು ತೊಟ್ಟಿಕ್ಕುವ ಬಕೆಟ್ಟಿನ ಪಕ್ಕ ಕೂತು
ರಂಸೀನಾ ಹಳೇ ಬಿಲ್ಲುಗಳ ಬೆನ್ನಿಗೆ ಒಂದು ಲೋಕ ಬರೆಯುತ್ತಾಳೆ.
ಅಲ್ಲಿ ಮೂರು ಚಂದ್ರ, ಮೇಲಕ್ಕೆ ಹರಿಯುವ ಹೊಳೆ,
ಕತ್ತಿ ಹಿಡಿದ ಮಿರುವೆ.

ಓದಿ ಹೇಳಿದಳು. ಕೇಳಿದೆ:
ಏಳು ತಿಂಗಳ ದಾರಿ ಅಂತೀಯಲ್ಲ,
ಮುಟ್ಟಾದ ದಿನ ಏನು ಮಾಡ್ತಾಳೆ?
ಆ ಉದ್ದ ನಿಲುವಂಗಿಯಲ್ಲಿ ಕುದುರೆ ಹತ್ತಿದರೆ
ಪಕ್ಕದ ಹೊಲಿಗೆ ಬಿಡದೇ?
ಜೇಬೆಲ್ಲಿ?

'ಉಮ್ಮಾ, ಅದು ಬೇರೆ ಲೋಕ.'

ಇರಲಿ. ಬೇರೆ ಲೋಕಕ್ಕೂ ಗಡಿಯಿದೆ,
ನೀನೇ ಗೀಚಿದ್ದೀ, ಕೆಂಪು ಪೆನ್ನಿನಲ್ಲಿ.
ಕಾವಲಿನವ ತಡೆದು, ಯಾರ ವೀಸಾದಲ್ಲಿ ಬಂದೆ,
ಅಪ್ಪನದೋ ಗಂಡನದೋ ಎಂದರೆ?

ಅವಳು ಪೆನ್ನು ಕಚ್ಚಿದಳು.
ಬೋಳು ಬೆಟ್ಟಕ್ಕೆ ತಾಗಿ ಬಾಂಗು ಮರಳಿತು.
'ಯಾರದ್ದೂ ಅಲ್ಲ' ಅಂದಳು,
'ನಡೆದು ಬಂದೆ ಅಂತಾಳೆ.'

ಹನ್ನೆರಡು ವರ್ಷದಿಂದ ಈ ಟೇಪು ಕೊರಳಲ್ಲಿದೆ.
ಅಂಥ ಹೆಣ್ಣಿನ ಸೊಂಟ ಅಳೆದಿಲ್ಲ.
ಇವತ್ತು ಷಟರ್ ಅರ್ಧ ಎಳೆದು
ಯಾರೋ ಬಿಟ್ಟುಹೋದ ಖಾಕಿ ತುಂಡು ಹಾಸಿದೆ.
ಷರಾಯಿ. ಎರಡು ಜೇಬು,
ಇನ್ನೊಂದು ಒಳಗೆ, ಯಾರಿಗೂ ಕಾಣದ್ದು.

ಅಳತೆ ಹೇಳು ಅಂದೆ.
ರಂಸೀನಾ ಎದ್ದು ನಿಂತು
ಕೈ ಅಗಲಿಸಿದಳು.