ಒಂದು ಗೇಣು

ಹಟ್ಟಿಯಾಗ ಹೊತ್ತು ಹೇಳೋದು ಗಣಿ ಸೈರನ್ನು.
ಅದು ಕೂಗಿ ಪಾಳಿ ಬದಲಾಗೋ ಹೊತ್ತಿಗೆ
ಹೈಸ್ಕೂಲ್ ಬಯಲಿನಾಗ ನಾವು ಆರು ಮಂದಿ ಹುಡುಗೇರು.
ಕಂಬ, ಗಣಿಯವರು ಬಿಸಾಕಿದ ಪೈಪು.
ಹಲಗಿ, ಯಾರದೋ ಮದುವಿ ಪೆಂಡಾಲಿಂದು.
ಬಲಿ ಇರಲಿಲ್ಲ, ಉಳ್ಳಾಗಡ್ಡಿ ಚೀಲ ಕತ್ತರಿಸಿ
ನಾನೇ ಹೊಲಿದು ಕಟ್ಟಿದ್ದೆ.
ಚೆಂಡು ಅದರಾಗ ಒಂದು ಗಳಿಗಿ ನಿಂತು
ವಿಚಾರ ಮಾಡಿ ಬೀಳ್ತಿತ್ತು.

ಸೂಗಪ್ಪ ಮಾಸ್ತರು ಮೂಲದಾಗ ಕಬಡ್ಡಿ ಮನುಷ್ಯ.
ಹಳೇ ನಿಯಮದ ಪುಸ್ತಕ ಒಂದು ಎಲ್ಲಿಂದಲೋ ತಂದು
ರಾತ್ರಿ ತಾವು ಓದಿ ಸಂಜಿಕ ನಮಗ ಕಲಿಸೋರು.
"ಟ್ರಾವೆಲ್!" ಅಂತ ಸೀಟಿ ಊದಿದ್ರ
"ಎಲ್ಲಿಗ್ರಿ ಸರ?" ಅಂತಿದ್ಲು ಅಮರಮ್ಮ.

ಅಮರಮ್ಮ. ಬಸ್‌ಸ್ಟ್ಯಾಂಡಿನಾಗ ಒಗ್ಗರಣಿ-ಮಿರ್ಚಿ ಮಾರಾಕಿ ಮಗಳು.
ಓಡಿದ್ರ ಮೊಣಕಾಲು ಹೊರಗ ತಿರುಗಾವು,
ಚೆಂಡು ಬಡಿಯೋದ್ರಾಗ ನನ್ನ ಅರ್ಧಕ್ಕೂ ಇಲ್ಲ.
ಆದ್ರ ಎಡಮೂಲಿಗೆ, ಬೇವಿನ ನೆರಳು ಮುಗಿಯೋ ಕಡೆ
ನಿಂತು "ಮೈಮೂ, ಹಾಕು" ಅಂದ್ಲಂದ್ರ
ನಾ ಹಾಕ್ತಿದ್ದೆ.
ಆಮೇಲೆ ನೋಡ್ತಿರಲಿಲ್ಲ. ಚೀಲದ ಸಪ್ಪಳ ಸಾಕಿತ್ತು.

ತಾಲೂಕು ಪಂದ್ಯ ನಮ್ಮ ಬಯಲಿನಾಗೇ,
ಬ್ಯಾರೆ ಕಡೆ ಕಂಬ ಎಲ್ಲಿದ್ದವು?
ಜಿಲ್ಲಾಕ ಎದುರಾಳಿ ಬರಲೇ ಇಲ್ಲ.
ಆಡದೇ ಗೆದ್ದು, ರಾಯಚೂರಾಗ ಕಬ್ಬಿನ ಹಾಲು ಕುಡಿದು ಬಂದ್ವಿ.
ಬ್ಯಾಸಗ್ಯಾಗ ಬಳ್ಳಾರಿ ಕಾಲೇಜಿನ ಕೋಚ್ ಮೇಡಂ
ತಂಗಿ ಮನಿಗೆ ಅಂತ ಕ್ಯಾಂಪಿಗೆ ಬಂದಾಕಿ
ನೋಡಿಬಿಟ್ಲು: ಹದಿನಾಲ್ಕಕ್ಕ ಹನ್ನೊಂದು.
ಹಾಸ್ಟೆಲ್ಲು, ಫೀಸು, ಬೂಟು, ಎಲ್ಲಾ ಕಾಲೇಜಿಂದು.
"ನೀನು ಯಾವಾಕಿ?" ಅಂತ ನನ್ನೂ ಕೇಳಿದ್ಲು, ಸುಳ್ಳು ಯಾಕ.
ಚೆಂಡು ಕೊಡಾಕಿ ಅಂದೆ.

ಬಳ್ಳಾರಿ ಬಸ್ಸಿನ ಕಿಟಕ್ಯಾಗಿಂದ ಅಮರಮ್ಮ
ಕೈ ಬೀಸಲಿಲ್ಲ, ಮಣಿಕಟ್ಟು ಮಡಚಿ ತೋರಿಸಿದ್ಲು
ಚೆಂಡು ಬಿಟ್ಟ ಮ್ಯಾಲ ಕೈ ನಿಲ್ಲತೈತಲ್ಲ, ಹಂಗ.
ನಾ ಲಿಂಗಸುಗೂರಿನ ಐಟಿಐಗೆ ಸೇರಿದೆ.
ವೆಲ್ಡಿಂಗ್ ಕ್ಲಾಸಿಗೆ ಹುಡುಗಿ ನಾನೊಬ್ಬಾಕಿ.

ಹದಿನೈದು ದಿನಕ್ಕ ಫೋನು.
"ಒಂದೂ ಬೀಳವಲ್ದು, ಮೈಮೂ.
ನೆಲ ಕನ್ನಡಿ ಹಂಗೈತಿ, ಬಲಿ ಹೊಸಾದು.
ನಾ ಒಗದದ್ದೆಲ್ಲಾ ರಿಂಗಿನ ತುಟಿಗೆ ಬಡಿದು ವಾಪಸ್.
ಬೆಂಚಿನ ಮ್ಯಾಲ ಕುಂತು ನೀರಿನ ಬಾಟ್ಲಿ ಕಾಯ್ತೀನಿ.
ಖರೇ ಹೇಳು,
ಅಲ್ಲಿ ನಾ ಹಾಕ್ತಿದ್ನಿಲ್ಲ?"

ಐತಾರ ಐಟಿಐ ಟೇಪು ತಂದು ಕಂಬ ಹತ್ತಿದೆ.
ಇರಬೇಕಾದ್ದು ಹತ್ತು ಅಡಿ.
ಇದ್ದದ್ದು ಒಂಬತ್ತು ಅಡಿ ಮೂರು ಇಂಚು.
ಎರಡು ಸಲ ಅಳದೆ. ಮೂರನೇ ಸಲ ಕೈಲೆ:
ಸರಿಯಾಗಿ ಒಂದು ಗೇಣು.

ಪ್ರತಿ ಆಗಸ್ಟಿಗೆ, ಪರೇಡಿಗೆ ಅಂತ
ಎರಡು ಟ್ರ್ಯಾಕ್ಟರ್ ಮೊರಂ ಸುರಿದು ಬಯಲು ಸಮ ಮಾಡೋರು.
ಕಂಬ ಎತ್ತಬೇಕಂತ ಯಾರಿಗೆ ಹೊಳೀಬೇಕು?
ನಾವು ಬೆಳದ್ವಿ ಅಂದ್ಕೊಂಡಿದ್ವಿ.
ಬೆಳದದ್ದು ನೆಲ.

ಎರಡು ದಿನ ಹೇಳಲಿಲ್ಲ.
ಹೇಳಿದ್ರ, ಹನ್ನೊಂದೂ ಸುಳ್ಳಾಗ್ತಾವ.
ಬಿಟ್ರ, ಆಕಿ ತನ್ನ ಕೈನ ಬೈತಾಳ.
ಮೂರನೇ ದಿನ ಹೇಳಿದೆ.
ಆ ಕಡೆ ಫ್ಯಾನಿನ ಸದ್ದು, ಭಾಳ ಹೊತ್ತು.
ಆಮೇಲೆ ಅಮರಮ್ಮ ನಕ್ಕಳು, ಕೆಟ್ಟದಾಗಿ, ಕೆಮ್ಮು ಬರೋ ಹಂಗ.
"ಸೂಗಪ್ಪ ಸರಿಗೆ ಹೇಳಬ್ಯಾಡ" ಅಂದ್ಲು.

ಹೇಳದೇ ಹೆಂಗ? ಗಣಿ ಮಷಿನ್ನು ಎರವಲು ತಂದವರೇ ಅವರು.
ರಿಂಗು ಬಿಚ್ಚಿ, ಪೈಪಿಗೆ ತುಂಡು ಕೂಡಿಸಿ ಬೆಸುಗಿ ಹಾಕಿದೆ.
ಜೋಡಿದ ಕಡೆ ಸ್ವಲ್ಪ ಸೊಟ್ಟ, ಒಪ್ಕೋತೀನಿ.
ಮಾಸ್ತರು ಕೆಳಗ ನಿಂತು ಕಿಡಿ ನೋಡಬಾರದಂತ
ಕಣ್ಣು ಮುಚ್ಚಿದ್ರು, ಮುಗಿದ ಮ್ಯಾಲೂ ತೆರೀಲಿಲ್ಲ.
ಎಂಟನೇತ್ತೆ ಹುಡುಗೇರು ಈಗ ನನ್ನ ಬೈತಾವ:
"ಅಕ್ಕಾ, ಏನ್ ಮಾಡಿದಿ, ಬೀಳವಲ್ದು!"

ಮೊನ್ನಿ ರಾತ್ರಿ ಮೆಸೇಜು ಬಂತು:
ಇವತ್ತು ಇಪ್ಪತ್ತಕ್ಕ ಆರು.
ಯಾವ ಮೂಲಿ? ಅಂತ ಕೇಳಿದೆ.
ಎಡ.
ಆದ್ರ ಇಲ್ಲಿ ಚೆಂಡು ಕೊಡಾಕಿ
ಭಾಳ ಬಿರುಸು ಒಗೀತಾಳ.