ಉಗುರಗಲದ ಚೀಟಿ

ಮೇ ತಿಂಗಳಲ್ಲಿ ಹಿನ್ನೀರು ಇಳಿದಾಗ
ಬಣಗಾರ ಓಣಿಯ ಬೇವು ಮತ್ತೆ ಕಂಡಿತು.
ಎಲೆಯಿಲ್ಲ, ಅರ್ಧ ತೊಗಟೆಯಿಲ್ಲ,
ನೀರು ಮುಟ್ಟದ ಎತ್ತರದಲ್ಲಿ ಮಾತ್ರ
ಕಟಕ್ ರೊಟ್ಟಿಯ ಚೂರಿನಂತೆ ಅಂಟಿಕೊಂಡ ಅಣಬೆ.

ಬಡಿಗೆಗೆ ಕುಡಗೋಲು ಕಟ್ಟಿ ಮೀಟಿದೆ.
ಉಪ್ಪಿನಕಾಯಿಯ ಖಾಲಿ ಬರಣಿಗೆ ಹಾಕಿ,
ಬಾಯಿಗೆ ಮಲಮಲ್ ಅರಿವೆ ಬಿಗಿದು
ಶೇಂಗಾ ಹಿಂಡಿಯ ಡಬ್ಬಿ ಪಕ್ಕ ಇಟ್ಟೆ.
"ಏನವಾ ಇದು, ಒಣಕೊಬ್ಬರೀನ?"
ಅತ್ತೆ ನೀಲಗಂಗವ್ವ ಮೂಸಿ ನೋಡಿದರು,
ಮತ್ತೆ ಕೇಳಲಿಲ್ಲ.

ಶ್ರಾವಣ ಮುಗಿಯಿತು. ಏನೂ ಇಲ್ಲ.
ತಳದಲ್ಲಿ ಒಂದಿಷ್ಟು ಹಿಟ್ಟು,
ಬೀಸುಕಲ್ಲಿನ ಸುತ್ತ ಉದುರಿರುವಂಥದು.
ಅಂದರೆ ಒಳಗೆ ಯಾರೋ
ಬೀಸುತ್ತಿದ್ದಾರೆ.

ಒಂದು ಮುಂಜಾನೆ ಅರಿವೆಯ ಒಳಮೈಗೆ
ಸಾಸಿವೆ ಹತ್ತಿದ ಹಾಗೆ.
ಸಾಸಿವೆ ಎಲ್ಲಿಯದು, ಅದಕ್ಕೂ ಸಣ್ಣ,
ಕಾಲು ಬಂದ ರಾಜಗಿರಿ.

ಕಾಲೇಜಿನಲ್ಲಿ, ಸಂಜೆ ಐದರ ಮೇಲೆ,
ಸಿಪಾಯಿ ಮಾಬೂಸಾಬ ಕೀಲಿಕೈ ಹಿಡಿದು ನಿಂತಿರಲು
ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟೆ.
ಗಂಡಿನ ಹಣೆಗೆ ಎರಡು ಕೊಂಬು!
ಕರಿ ಹರಿಯಲು ನಿಂತ ಎತ್ತಿಗೂ ಇಲ್ಲದ ಗತ್ತು
ಒಂದೂವರೆ ಮಿಲಿಮೀಟರ್ ಮೈಗೆ.
"ನಾನೂ ನೋಡತೇನ್ರೀ" ಅಂದ ಮಾಬೂಸಾಬ.
ನೋಡಿದ. ಬಹಳ ಹೊತ್ತು ಬಿಡಲಿಲ್ಲ.
"ಯಾವ ಜಾತೀದ್ರೀ ಇದು?"

ಅದೇ ತೊಡಕು.
ಅಂಗೈಯಷ್ಟು ಅಣಬೆಯಲ್ಲಿ ಮೂರು ಬಗೆ ಸಂಸಾರ.
ಒಂದರ ಬೆನ್ನ ಮೇಲೆ ನೆಟ್ಟಗೆ ಕೂದಲು,
ಇನ್ನೊಂದು ಬೋಳು, ಎಣ್ಣೆ ಹಚ್ಚಿದಂತೆ ಮಿಂಚು.
ಮೂರನೆಯದರ ಮೀಸೆಯ ಗೆಣ್ಣು ಎಣಿಸಬೇಕು,
ಒಂಬತ್ತಾದರೆ ಒಂದು ಹೆಸರು, ಹತ್ತಾದರೆ ಮತ್ತೊಂದು.
ಎಣಿಸಿದೆ, ಒಂಬತ್ತು.
ಕಣ್ಣೊರೆಸಿಕೊಂಡು ಎಣಿಸಿದೆ, ಹತ್ತು.
ಮಾಬೂಸಾಬನೂ ಎಣಿಸಿದ:
"ಒಂಬತ್ತೂವರಿ ಅಂತ ಬರೀರಿ ಬಾಯಾರ."

ಹೆಸರಿನ ಜಾಗ ಖಾಲಿ ಬಿಟ್ಟೆ.
ಚೀಟಿಯೋ ಉಗುರಗಲ,
ಅದರಲ್ಲಿ ಊರು ಬರೆಯಬೇಕು, ಜಾಗ ಬರೆಯಬೇಕು,
ಅಂದಾಜು ನಡೆಯುವುದಿಲ್ಲ.
ಉಸಿರು ಹಿಡಿದು ಬರೆದೆ:
ಹಳೇ ಬಾಗಲಕೋಟೆ, ಬಣಗಾರ ಓಣಿ,
ಸತ್ತ ಬೇವು, ನೆಲದಿಂದ ಎಂಟು ಅಡಿ.

ನವನಗರಕ್ಕೆ ಬಂದ ಮೇಲೆ
ರೇಶನ್ ಕಾರ್ಡಿನಲ್ಲಿ ಸೆಕ್ಟರ್ ನಂಬರು,
ಕರೆಂಟ್ ಬಿಲ್ಲಿನಲ್ಲೂ ಅದೇ.
ಇಷ್ಟು ವರ್ಷದಲ್ಲಿ
ಓಣಿಯ ಹೆಸರು ಕೇಳಿದ್ದು
ಇದೊಂದೇ ಹುಳ.

ದೀಪ ಆರಿಸಿ, ಬಾಗಿಲಿಗೆ ಕೀಲಿ ಹಾಕುತ್ತ
ಮಾಬೂಸಾಬ ಅಂದ, ನನ್ನ ಕಡೆ ನೋಡದೆ:
"ನಮ್ಮ ಓಣ್ಯಾಗೂ ಒಂದು ಹುಣಸಿಮರ ಇತ್ರೀ."