ರಸೀದಿ ನಂಬರ್ ಹನ್ನೊಂದು

ಭಾನುವಾರ. ಐಮಂಗಲದ ಶಾಲೆ ಜಗಲಿ.
ಜೇನು ಸಂಘದ ಎರಡನೇ ತರಗತಿ.
ಚಂದಾ ಐವತ್ತು; ಬರೆಯುವವಳು ನಾನು.

ತಡವಾಗಿ ಬಂದ ಬೋಸಯ್ಯ
ಕಾಲು ಜಾಡಿಸಿ ಮುಂದಿನ ಸಾಲಲ್ಲೇ ಕೂತ.
ಜೋಗಿಮಟ್ಟಿಯ ಬಂಡೆಗೆ ರಾತ್ರಿ ಪಂಜು ಹಿಡಿದು
ಹೆಜ್ಜೇನು ಸುಟ್ಟು ಇಳಿಸಿದ ಕೈ.

ಜುಬೇದಾ ಮೇಡಂ ಪೆಟ್ಟಿಗೆ ಮುಚ್ಚಳ ತೆಗೆದು
'ಯಾರು ಎತ್ತುತ್ತೀರಿ?' ಅಂದಾಗ
ಕಾಲೇಜು ಹುಡುಗರು ಮೊಬೈಲು ಎತ್ತಿದರು.
ಈತ ಎರಿ ಎತ್ತಿದ.

ತುಡುವೆಗಳು ಆ ಹಳೆಯ ಬೊಬ್ಬೆಗಲೆಗಳ ಮೇಲೆ
ವಿಳಾಸ ಹುಡುಕುವವರ ಹಾಗೆ ಓಡಾಡಿದವು.
'ಬೆಳಕಲ್ಲಿ ಇವುಗಳ ಮುಖ
ಇವತ್ತೇ ನೋಡಿದ್ದು ಕಣವ್ವ.'

ದಾಳಿಂಬೆ ತೋಟಕ್ಕೆ ಹೋಗಿದ್ದ ಒಂದು
ಕಾಲಿಗೆ ಹಳದಿ ಪುಡಿ ಮೆತ್ತಿಕೊಂಡು ಮರಳಿತು.
ದಾರಿ ಬಿಟ್ಟು ನಿಂತ.

ರಸೀದಿ ಹರಿದು ಕೊಟ್ಟೆ.
ತಿರುವಿ ನೋಡಿ, 'ಹಳೇ ಬಾಕಿ
ಎಲ್ಲಿ ಬರೀತೀಯ?' ಅಂದ.

ನನ್ನ ಪುಸ್ತಕದಲ್ಲಿ ಆ ಕಾಲಂ ಇರಲಿಲ್ಲ.